ಟೇಪಿನಲ್ಲಿಲ್ಲದ ಮೂರನೇ ಒಂದು ಭಾಗ

ಲೆಕ್ಕವೆಂದರೆ ಪುಸ್ತಕ ಮುಚ್ಚಿಡುವ ಮಕ್ಕಳಿಗೆ ಲೆಕ್ಕದ ರುಚಿ ಹಚ್ಚಿದವರನ್ನು ನಮ್ಮ ಜಿಲ್ಲೆಯಲ್ಲಿ ಎಣಿಸಹೊರಟರೆ ಮೊದಲ ಸಾಲಿನಲ್ಲೇ ನಿಲ್ಲುವ ಹೆಸರು ಶ್ರೀಮತಿ ಹೇಮಾವತಿಯವರದು. ಹೊಸದುರ್ಗ ತಾಲ್ಲೂಕಿನ ಬಾಗೂರಿನಲ್ಲಿ ಸಹಶಿಕ್ಷಕಿಯಾಗಿ ಸೇವೆಗೆ ಸೇರಿ, ಹಿರಿಯೂರಿನಲ್ಲಿ ಒಂಬತ್ತು ವರ್ಷ ದುಡಿದು, ಕೊನೆಗೆ ಹೊಳಲ್ಕೆರೆಯಲ್ಲಿ ನೆಲೆನಿಂತ ಅವರು, ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಭಿನ್ನರಾಶಿಗೆ ಹೆದರಿದ ಮಗುವನ್ನು ಒಮ್ಮೆಯೂ ಗದರಿದವರಲ್ಲ. ಬಾಗೂರಿನಲ್ಲಿ ಮೊದಲ ವರ್ಷ ರೊಟ್ಟಿ ಮುರಿದು ಮುರಿದು ಕಾಲುಭಾಗ, ಅರೆಭಾಗ ತೋರಿಸಿ, ಪಾಠ ಮುಗಿಯುವಷ್ಟರಲ್ಲಿ ತಮ್ಮ ಮಧ್ಯಾಹ್ನದ ಊಟವೇ ಮಕ್ಕಳಿಗೆ ಹಂಚಿಹೋದದ್ದನ್ನು ಅವರು ಇಂದಿಗೂ ನಗುತ್ತಲೇ ಹೇಳುತ್ತಾರೆ.

ಹಗಲು ಮಕ್ಕಳಿಗೆ ಕಲಿಸಿದ್ದು ಸಾಲದೆಂಬಂತೆ, ಹೊಳಲ್ಕೆರೆಯಲ್ಲಿ ಸಂಜೆ ಏಳರಿಂದ ಹೆಂಗಸರಿಗಾಗಿ ರಾತ್ರಿಶಾಲೆಯನ್ನೂ ನಡೆಸಿದರು. ಬಸ್ ನಿಲ್ದಾಣದಲ್ಲಿ ಹೂವು ಮಾರುವ ದುರುಗಕ್ಕ ಐವತ್ತೆಂಟನೇ ವಯಸ್ಸಿನಲ್ಲಿ ಸ್ಲೇಟು ಹಿಡಿದದ್ದು ಅಲ್ಲಿಯೇ. ಈ ಲೇಖನದಲ್ಲಿ ಅವಳ ಮಾತೇ ಹೆಚ್ಚಾದರೆ ತಪ್ಪು ತಿಳಿಯಬಾರದು. ಮೇಡಂ ಅವರ ದೊಡ್ಡಗುಣ ನಮಗೆ ಎದ್ದು ಕಂಡದ್ದು ಅವಳ ಹೊಟ್ಟೆಕಿಚ್ಚಿನ ಎದುರಿಗೆ.

ಆ ಕಿಚ್ಚಿಗೆ ಕಾರಣ ಪಕ್ಕದಲ್ಲಿ ಕೂರುತ್ತಿದ್ದ ಟೈಲರ್ ಅನುಸೂಯ. ಅರ್ಧ, ಕಾಲು, ಮುಕ್ಕಾಲು ಇಂಚುಗಳೊಂದಿಗೇ ಇಪ್ಪತ್ತು ವರ್ಷ ಬಾಳಿದವಳಿಗೆ ಭಿನ್ನರಾಶಿ ನೀರು ಕುಡಿದಷ್ಟು ಸಲೀಸು. ಮೇಡಂ "ಭೇಷ್ ಅನುಸೂಯ" ಎಂದಾಗಲೆಲ್ಲ, ಯಾರೋ ತನ್ನ ಬುಟ್ಟಿಯ ಹೂವಿಗೆ ಬಿಸಿನೀರು ಚಿಮುಕಿಸಿದಂತೆ ದುರುಗಕ್ಕನ ಮುಖ ಬಾಡುತ್ತಿತ್ತು. ಅಷ್ಟರಲ್ಲಿ, ಸಾಕ್ಷರತಾ ದಿನದಂದು ಚಿತ್ರದುರ್ಗದ ವೇದಿಕೆಯ ಮೇಲೆ ಲೆಕ್ಕ ಮಾಡಿ ತೋರಿಸಲು ಒಬ್ಬರನ್ನು ಕಳಿಸಬೇಕೆಂದು ಸುದ್ದಿ ಬಂತು. ಒಬ್ಬರನ್ನು ಮಾತ್ರ. ಅನುಸೂಯ ಆಗಲೇ ಯಾವ ಸೀರೆ ಉಡಲಿ ಎಂದು ಎಲ್ಲರನ್ನೂ ಕೇಳತೊಡಗಿದ್ದಳು. ದುರುಗಕ್ಕನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಅದೇ ವಾರ ಮೇಡಂ ಒಂದು ಲೆಕ್ಕ ಕೊಟ್ಟರು: ಅರ್ಧ ಮೊಳ ಹೂವಿಗೆ ಮೂರನೇ ಒಂದು ಭಾಗ ಮೊಳ ಸೇರಿಸಿದರೆ ಎಷ್ಟಾಯಿತು? ದುರುಗಕ್ಕ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ, ಐದರಲ್ಲಿ ಎರಡು ಭಾಗ ಎಂದು ಬರೆದಳು.

ಅನುಸೂಯ ಸ್ಲೇಟಿಗೆ ಇಣುಕಿ ನಕ್ಕಳು. "ಅಲ್ಲ ದುರುಗಕ್ಕ, ಅರ್ಧಕ್ಕೆ ಇನ್ನಷ್ಟು ಸೇರ್ಸಿದ್ಮೇಲೆ ಅರ್ಧಕ್ಕಿಂತ ಕಮ್ಮಿ ಆಗೈತಲ್ಲ! ಹಿಂಗೇ ಹೂವ ಮಾರ್ತೀಯೇನು?"

"ನೀನು ಭಾರಿ ಶಾಣೇಳು. ತೆಗಿ ನಿನ್ ಟೇಪು. ಮೂರನೇ ಒಂದು ಭಾಗ ಎಲ್ಲೈತೆ ತೋರ್ಸು ನೋಡಾಣ."

ಅನುಸೂಯ ಟೇಪು ಬಿಡಿಸಿದಳು. ಇಂಚಿನೊಳಗೆ ಅರ್ಧಕ್ಕೆ ಗೆರೆ, ಕಾಲಿಗೆ ಗೆರೆ, ಎಂಟನೇ ಒಂದಕ್ಕೂ ಗೆರೆ. ಮೂರನೇ ಒಂದಕ್ಕೆ ಮಾತ್ರ ಗೆರೆಯೇ ಇರಲಿಲ್ಲ.

ಮೇಡಂ ಮುಗುಳ್ನಕ್ಕು, "ದುರುಗಕ್ಕ, ಮೊಳಕ್ಕೆ ಎಷ್ಟು ಬೆರಳ್ರಿ?" ಎಂದರು.

"ಇಪ್ಪತ್ನಾಕು. ನಮ್ಮವ್ವ ಹೇಳ್ಕೊಟ್ಟಿದ್ದು."

"ಅದ್ರಲ್ಲಿ ಅರ್ಧ?"

"ಹನ್ನೆರಡು."

"ಮೂರು ಪಾಲು ಮಾಡಿದ್ರೆ, ಒಂದು ಪಾಲು?"

"ಎಂಟು." ದುರುಗಕ್ಕ ಮೊಣಕೈಯಿಂದ ಬೆರಳಿಟ್ಟು ಅಳೆಯುತ್ತ ಹೋದಳು. "ಎರಡೂ ಸೇರಿ ಇಪ್ಪತ್ತು. ಅಯ್ಯೋ, ಮೊಳ ತುಂಬಾಕೆ ನಾಕೇ ಬೆರಳು ಕಮ್ಮಿ!"

ನಾಲ್ಕು ನಾಲ್ಕು ಬೆರಳಿನ ಆರು ಪಾಲುಗಳಲ್ಲಿ ಐದು ಪಾಲು. ಬೇರೆ ಬೇರೆ ಭಾಗಗಳನ್ನು ಕೂಡುವ ಮೊದಲು ಎರಡನ್ನೂ ಒಂದೇ ಅಳತೆಗೆ ತರಬೇಕೆಂಬುದು ಆ ದಿನ ಇಡೀ ತರಗತಿಗೆ ತಿಳಿಯಿತು. ಆದರೆ ಮೇಡಂ ಆ ಉತ್ಸಾಹದಲ್ಲಿ, "ಅನುಸೂಯ, ನಿಮ್ಮ ಅಕ್ಷರ ದುಂಡಗೈತೆ, ಬೋರ್ಡ್ ಮೇಲೆ ಬರೀರಿ" ಎಂದುಬಿಟ್ಟರು. ಬೆರಳು ತನ್ನದು, ಸೀಮೆಸುಣ್ಣ ಅವಳ ಕೈಗೆ! ದುರುಗಕ್ಕ ನಾಲ್ಕು ದಿನ ಶಾಲೆಯ ಕಡೆ ತಲೆ ಹಾಕಲಿಲ್ಲ.

ಐದನೆಯ ದಿನ ಮೇಡಂ ಬಸ್ ನಿಲ್ದಾಣಕ್ಕೇ ಬಂದರು.

"ಬರ್ರಿ ಮೇಡಂ. ದುಂಡಕ್ಷರದೋಳು ಬರ್ಲಿಲ್ವಾ?" ಎಂದು ದುರುಗಕ್ಕ ಮುಖ ತಿರುವಿದಳು.

ಸುತ್ತ ಹೂವು ಕೊಳ್ಳುವವರು ನಿಂತಿದ್ದರು. ಅಷ್ಟೂ ಜನರ ನಡುವೆ ಮೇಡಂ, "ಅವತ್ತು ನಿಮ್ಮ ಕೈಲೇ ಬರೆಸಬೇಕಿತ್ತು ದುರುಗಕ್ಕ. ತಪ್ಪು ನಂದೇ" ಎಂದರು. ಕಲಿಸುವವರು ಕಲಿಯುವವರ ಮುಂದೆ ತಪ್ಪೊಪ್ಪಿಕೊಳ್ಳುವುದನ್ನು ದುರುಗಕ್ಕ ಅದುವರೆಗೆ ಕಂಡಿರಲಿಲ್ಲ. ಆ ಸಂಜೆ ಅವಳು ಎಲ್ಲರಿಗಿಂತ ಮೊದಲೇ ಬಂದು ಕುಳಿತಳು. ಚಿತ್ರದುರ್ಗಕ್ಕೆ ಹೋದ ಹೆಸರೂ ಅವಳದೇ ಆಯಿತು.

ವೇದಿಕೆಯ ಮೇಲೆ ದುರುಗಕ್ಕ ಬೆರಳಿಟ್ಟು ಅಳೆದು, ಲೆಕ್ಕವನ್ನು ತಪ್ಪಿಲ್ಲದೆ ತನ್ನ ಕೈಯಾರೆ ಬರೆದಳು. ಚಪ್ಪಾಳೆ ಬಿತ್ತು. ಮೇಡಂ ಅವರ ಮುಖ ನೋಡೋಣವೆಂದು ಕೆಳಗೆ ಕಣ್ಣು ಹಾಯಿಸಿದರೆ, ಪಕ್ಕದ ಕುರ್ಚಿಯಲ್ಲೇ ಅನುಸೂಯ ಮೇಡಂ ಭುಜಕ್ಕೆ ಭುಜ ತಾಗಿಸಿ ಕುಳಿತು ನಗುತ್ತಿದ್ದಾಳೆ! ಗೆದ್ದವಳು ಮೇಲೆ ಒಬ್ಬಳೇ ನಿಂತಿದ್ದಳು.

ಈಗ ನಿವೃತ್ತರಾದ ಮೇಡಂ ಭೀಮಸಮುದ್ರದ ತಮ್ಮ ಮನೆಯ ಪಡಸಾಲೆಯಲ್ಲಿ ಹನ್ನೊಂದು ಹೆಂಗಸರಿಗೆ ಪಾಠ ಆರಂಭಿಸಿದ್ದಾರೆ. ಅಲ್ಲಿ ರೇಣುಕಾ ಎಂಬಾಕೆ ಒಂದೇ ವಾರದಲ್ಲಿ ಭಿನ್ನರಾಶಿ ಕಲಿತಳಂತೆ, ಮೇಡಂ ಬಾಯಿತುಂಬ ಹೊಗಳುತ್ತಾರಂತೆ. ಆ ಸುದ್ದಿ ತಂದವಳು ಅನುಸೂಯ. ಇಬ್ಬರೂ ಹೂವಿನ ಬುಟ್ಟಿಯ ಪಕ್ಕ ಕುಳಿತು, ದಾರ ಕಿತ್ತುಹೋಗುವಷ್ಟು ಬಿಗಿಯಾಗಿ ಹೂವು ಕಟ್ಟಿದರು.

"ಮೇಡಂ ಬಗ್ಗೆ ಪುಸ್ತಕ ಬರ್ತೈತಂತೆ. ಏನಂತ ಹಾರೈಸಾಣ ಅಕ್ಕ?" ಎಂದಳು ಅನುಸೂಯ ಕೊನೆಗೆ.

"ನೂರು ವರ್ಷ ಗಟ್ಟಿಮುಟ್ಟಾಗಿ ಬಾಳ್ಲಿ ಅಂತ ಬರ್ಸು. ಇನ್ನೂ ನೂರಾರು ಜನಕ್ಕೆ ಕಲಿಸ್ಲಿ. ಎಲ್ಲಾರೂ ಚೆನ್ನಾಗಿ ಕಲೀಲಿ." ದುರುಗಕ್ಕ ಮಾಲೆಯ ತುದಿಗೆ ಗಂಟು ಹಾಕಿ, "ನಿಧಾನಕ್ಕೆ ಕಲೀಲಿ" ಎಂದಳು.

ಒಂದಕ್ಷರವನ್ನೂ ತಿದ್ದದೆ, ಆ ಹಾರೈಕೆಯನ್ನು ಮಾನ್ಯ ಹೇಮಾವತಿಯವರಿಗೆ ಗೌರವದಿಂದ ಒಪ್ಪಿಸುತ್ತಿದ್ದೇವೆ.