ಗಂಟಿಗೊಂದು ಬಾಲ ಬೇಕು

ನಮ್ಮ ಮನೆಯ ಹಿಂದಿನ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕಲು ಒಂದು ಬಿದಿರು ಗಳವನ್ನು ನಾರಿನ ಹಗ್ಗದಿಂದ ಬಿಗಿದಿದ್ದೇನೆ. ಎರಡೂ ತುದಿಯ ಗಂಟುಗಳಿಂದ ಗೇಣುದ್ದ ಹಗ್ಗ ಕೆಳಗೆ ಜೋತಾಡುತ್ತಿರುತ್ತದೆ. "ಆ ಬಾಲ ಕತ್ತರಿಸಿ ಒಗೀರಿ, ಬಂದವ್ರು ನೋಡಿ ನಗ್ತಾರ" ಎಂದು ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ. ಗೆಳೆಯರೇ, ನೀವು ಕೇಳದಿದ್ದರೂ ಹೇಳುತ್ತೇನೆ: ಅಂದಕ್ಕಾಗಿ ಗಂಟಿನ ಬಾಲ ಕೊಯ್ಯಬೇಡಿ. ನಾರು ನೀರಿಗೆ ಬಿಗಿಯುತ್ತದೆ, ಬಿಸಿಲಿಗೆ ಸಡಿಲುತ್ತದೆ. ಸಡಿಲಾದದ್ದನ್ನು ಮತ್ತೆ ಎಳೆದು ಬಿಗಿಯಲು ಕೈಗೆ ಏನಾದರೂ ಸಿಗಬೇಕಲ್ಲ.

ಈ ಬುದ್ಧಿ ಶರಣಪ್ಪನದು. ಪುಣೆಯ ಕಾತ್ರಜದ ರಸ್ತೆಬದಿಯಲ್ಲಿ ನನ್ನ ಬಿದಿರಿನ ಅಂಗಡಿ. ಅವನು ಯಾದಗಿರಿ ಕಡೆಯಿಂದ ಬಂದು, ಏಳುತ್ತಿರುವ ಕಟ್ಟಡಗಳಿಗೆ ಸಾರವೆ ಕಟ್ಟುವವನು. ಕೊಳ್ಳುವಾಗ ಗಳವನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಅರ್ಧ ದರಕ್ಕೆ ಇಳಿಸುವ ವಿದ್ಯೆಯನ್ನು ನಾನು ಯಾರಿಂದಲೂ ಕಲಿಯಲಿಲ್ಲ. ಆದರೆ ಗಂಟಿನ ವಿಷಯದಲ್ಲಿ ಅವನ ಮುಂದೆ ನಾನು ಬಾಯಿ ಬಿಡುವುದಿಲ್ಲ. ಅವರಲ್ಲೊಂದು ಪದ್ಧತಿ: ಸಾರವೆ ಕಟ್ಟಿದವನೇ ಅದನ್ನು ಮೊದಲು ಹತ್ತಬೇಕು. ಬೇರೆಯವರ ಜೀವಕ್ಕಿಂತ ಮೊದಲು ತನ್ನ ಜೀವವನ್ನು ತನ್ನ ಗಂಟಿಗೆ ತೂಗುಹಾಕಬೇಕು. ಇಂಥವನ ಗಂಟು ಜಾರಿತೆಂದು ಒಮ್ಮೆ ಸುದ್ದಿಯಾದರೆ, ಆಮೇಲೆ ಕೂಲಿಯವರನ್ನು ಗೊತ್ತುಮಾಡುವ ಯಾವ ಮುಕಾದಮನೂ ಅವನನ್ನು ಕರೆಯುವುದಿಲ್ಲ.

ಹೊಸ ಶತಮಾನ ಹುಟ್ಟಿ ಎರಡು ಮೂರು ವರ್ಷವಾಗಿತ್ತು. ಪುಣೆಯ ಒಂದು ಉದ್ಯಾನದಲ್ಲಿ ಬಿದಿರು, ಬೆತ್ತ, ಹುಲ್ಲು ಇಷ್ಟರಿಂದಲೇ ಎರಡಾಳೆತ್ತರದ ಗೀಜಗನ ಗೂಡೊಂದನ್ನು ನಿಲ್ಲಿಸಬೇಕೆಂದು ಕಲಾವಿದರೊಬ್ಬರು ಬಂದರು. ಬಿದಿರು ನನ್ನದು, ಗಂಟು ಶರಣಪ್ಪನದು. ಹನ್ನೆರಡು ದಿನ ಕಟ್ಟಿದ. ಯೋಚಿಸಿ ನೋಡಿ: ಈ ಊರಿನ ಎಷ್ಟು ಗೋಡೆಗಳು ಅವನ ಸಾರವೆ ಹಿಡಿದು ಎದ್ದು ನಿಂತಿವೆಯೋ; ಗೋಡೆ ನಿಂತ ಮರುದಿನವೇ ಅವನು ಕಟ್ಟಿದ್ದನ್ನೆಲ್ಲ ಬಿಚ್ಚಿ ಒಯ್ಯುತ್ತಾರೆ. ಜನ್ಮದಲ್ಲಿ ಮೊದಲ ಸಲ, ಬಿಚ್ಚದೆ ಉಳಿಯುವಂಥದ್ದನ್ನು ಅವನು ಕಟ್ಟಿದ್ದ.

ಉದ್ಘಾಟನೆಯ ಹಿಂದಿನ ಸಂಜೆ ಉದ್ಯಾನದ ಮೇಲ್ವಿಚಾರಕ ಬಂದು, ಜೋತಾಡುವ ಬಾಲಗಳನ್ನು ಕಂಡು ಮೂಗು ಮುರಿದ. ಕಲಾವಿದರು ಅಂದು ಊರಲ್ಲಿರಲಿಲ್ಲ. ಎಲ್ಲ ಕೊಯ್ದು ನುಣ್ಣಗೆ ಮಾಡಿ ಎಂದು ಹುಕುಂ. "ಬ್ಯಾಡ್ರಿ ಸಾಹೇಬ್ರ, ಗಂಟು ಕುರುಡಾಗ್ತದ" ಎಂದ ಶರಣಪ್ಪ, ಕನ್ನಡದಲ್ಲಿ. ಅದನ್ನು ಮರಾಠಿಯಲ್ಲಿ ತಿಳಿಸಿ ಹೇಳಬಲ್ಲವನು ಅಲ್ಲಿ ಒಬ್ಬನೇ ಇದ್ದ.

ಹದಿನೈದು ದಿನ ಏಪ್ರಿಲ್ ಬಿಸಿಲು ಕುಡಿದು ಗೂಡು ಒಂದು ಪಕ್ಕಕ್ಕೆ ವಾಲಿತು. ಭಾನುವಾರ ನಾನೂ ಶರಣಪ್ಪನೂ ನೋಡಲು ಹೋದೆವು. ಗಂಟುಗಳೆಲ್ಲ ಸಡಿಲಾಗಿದ್ದವು, ಹಿಡಿದೆಳೆಯಲು ಒಂದಕ್ಕೂ ಬಾಲವಿರಲಿಲ್ಲ. ಸರಿಪಡಿಸುವ ಹೆಸರಿನಲ್ಲಿ ಯಾರೋ ಪುಣ್ಯಾತ್ಮರು ಹಸಿರು ಪ್ಲಾಸ್ಟಿಕ್ ಹೊದಿಸಿದ ತಂತಿಯನ್ನು ಗೂಡಿನ ಹೊಟ್ಟೆಗೆ ಬಿಗಿದಿದ್ದರು. ಪಕ್ಕದ ಫಲಕದಲ್ಲಿ 'ಸಂಪೂರ್ಣ ನೈಸರ್ಗಿಕ' ಎಂದೂ, ಅದರ ಕೆಳಗೆ ರಿಬ್ಬನ್ ಕತ್ತರಿಸಿದವರ, ಹಾರ ಹಾಕಿಸಿಕೊಂಡವರ ಹೆಸರುಗಳೂ ಇದ್ದವು. ಕಟ್ಟಿದವನ ಹೆಸರಿಗೆ ಜಾಗವಿಲ್ಲದ ಆ ಹಲಗೆಯಲ್ಲಿ 'ಮುಟ್ಟಬಾರದು' ಎಂಬುದಕ್ಕೆ ಮಾತ್ರ ಧಾರಾಳ ಜಾಗವಿತ್ತು. ಶರಣಪ್ಪ ಒಂದು ಗಂಟಿನ ಮೇಲೆ ಕೈಯಿಟ್ಟ. ಕಾವಲುಗಾರ ಸೀಟಿ ಊದಿದ.

ಸೀಟಿಗೆ ಮೇಲ್ವಿಚಾರಕನೂ ಬಂದ. "ಕಾಯ್ ಶೇಠ್, ತುಮಚಾ ಮಾಣೂಸ್ ಕಚ್ಚಾ ನಿಘಾಲಾ" ಎಂದ. ನಿಮ್ಮ ಮನುಷ್ಯ ಕಸುಬು ಬಾರದವನು ಎಂದು ಅರ್ಥ. ಅದನ್ನೇ ಅವನು, ಶರಣಪ್ಪ ಮುಂದೆ ಸಾರವೆ ಕಟ್ಟಬೇಕಿದ್ದ ಖಡಕಿ ಬಡಾವಣೆಯ ಕಟ್ಟಡದ ಮುಕಾದಮನಿಗೂ ಹೇಳಿದ್ದ. ಶರಣಪ್ಪನಿಗೆ ಅಲ್ಲಿಯ ಕೆಲಸ ತಪ್ಪಿತ್ತು. ನನ್ನ ಮೈ ಉರಿದುಹೋಯಿತು. 'ಬಾಲ ಕೊಯ್ಸಿದ್ದು ನಾನೇ' ಎಂದು ಒಂದು ಮಾತು ಹೇಳು ಎಂದು ಮೇಲ್ವಿಚಾರಕನನ್ನು ಹಿಡಿದು ಅರ್ಧ ಗಂಟೆ ಜಗ್ಗಾಡಿದೆ. ಅವನು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಗೇಟಿನಾಚೆ ಬಂದಮೇಲೂ ಬೈಯುತ್ತಲೇ ಇದ್ದೆ. ಶರಣಪ್ಪ ಬೀಡಿ ಹಚ್ಚಿ ಮೆಲ್ಲಗೆ ಹೇಳಿದ: "ಸಾವ್ಕಾರ್ರ, ಅಂವಾ ಕೊಯ್ಯಂದ, ಖರೆ. ಚಾಕು ಯಾರ್ದು?"

ಚಾಕು ನನ್ನದು. ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಸಲಹೆ ಕೊಡುವ ನಾನು, ಆ ಸಂಜೆ ಗಿರಾಕಿಯ ಮುಖ ಕೆಡಬಾರದೆಂದು, ಶರಣಪ್ಪನ ಮಾತನ್ನು ಮರಾಠಿಗೆ ತರದೆ, ಕಿಸೆಯಿಂದ ಚಾಕು ತೆಗೆದು ಅವನ ಕೈಗೆ ನಾನೇ ಕೊಟ್ಟಿದ್ದೆ. "ಹೋಗ್ಲಿ ಬಿಡೋ, ಕೊಯ್ಯಿ" ಎಂದೂ ಹೇಳಿದ್ದೆ. ಇಷ್ಟು ಹೊತ್ತು ಊರ ಮೇಲೆ ಉರಿಯುತ್ತಿದ್ದ ಬೆಂಕಿ ಮನೆಗೆ ತಿರುಗಿತು.

ಮರುದಿನ ಬೆಳಿಗ್ಗೆ ಶರಣಪ್ಪನನ್ನು ಕರೆದುಕೊಂಡು ಖಡಕಿಗೆ ಹೋದೆ. ಕೂಲಿಯವರೆಲ್ಲ ಸೇರಿದ್ದಾಗ, ಅವನೆದುರೇ ಮುಕಾದಮನಿಗೆ ಮರಾಠಿಯಲ್ಲೂ ಅವರಿಗೆ ಕನ್ನಡದಲ್ಲೂ ಹೇಳಿದೆ: ಗಂಟು ತಾನಾಗಿ ಜಾರಿದ್ದಲ್ಲ, ಬಾಲ ಕೊಯ್ಸಿದ್ದು, ಚಾಕು ನನ್ನದು, ಮಾತೂ ನನ್ನದು. "ಏನ್ ಸಾವ್ಕಾರ್ರ, ಬಿದಿರಿನ ಜೋಡಿ ನಾಲಿಗೀನೂ ಮಾರಿದ್ರೇನು?" ಎಂದಳು ಇಟ್ಟಿಗೆ ಹೊರುವ ಒಬ್ಬ ಅಜ್ಜಿ. ಎಲ್ಲರೂ ನಕ್ಕರು. ಆ ನಗುವಿನ ಮೇಲೆ ಚೌಕಾಸಿ ಮಾಡುವಂತಿರಲಿಲ್ಲ. ಮುಕಾದಮ ಶರಣಪ್ಪನಿಗೆ ಹೊಸ ಸಾರವೆ ಕಟ್ಟಬೇಕಾದ ಗೋಡೆಯನ್ನು ಗದ್ದ ಎತ್ತಿ ತೋರಿಸಿದ. ನಾಲ್ಕು ದಿನ ಬಿಟ್ಟು ನಾನು ಗಳ ಇಳಿಸಲು ಹೋದಾಗ ಶರಣಪ್ಪ ತಾನು ಕಟ್ಟಿದ ಸಾರವೆಯನ್ನು ಎಲ್ಲರಿಗಿಂತ ಮೊದಲು ಹತ್ತುತ್ತಿದ್ದ.

ಗೂಡು ಮಳೆಗಾಲಕ್ಕೆ ಮೊದಲೇ ಬಿತ್ತು. ಫಲಕ ಇನ್ನೂ ಇದೆ, ಮುಟ್ಟಬಾರದಂತೆ. ಗ್ಯಾಲರಿಯ ಬಾಲಗಳನ್ನು ಹೆಂಡತಿ ಇಂದು ಬೆಳಿಗ್ಗೆಯೂ ಬೈದಳು, ಕೊಯ್ಯಲೆಂದು ನನ್ನ ಚಾಕು ಕೇಳಿದಳು. ಚಾಕು ಕೊಡಲಿಲ್ಲ, ಬಾಲ ಹಿಡಿದು ಎರಡೂ ಗಂಟುಗಳನ್ನು ಇನ್ನೊಮ್ಮೆ ಜಗ್ಗಿ ಬಿಗಿದೆ.