ಹುಡುಗಿಯ ದನಿಯ ಈರಪ್ಪ ಕಾಕಾ

ಈರಪ್ಪ ಕಾಕಾ ಸಿಟ್ಟಿಗೆದ್ದರೆ ಯಾರೋ ಹುಡುಗಿ ವಾರ್ತೆ ಓದಿದಂತೆ ಕೇಳುತ್ತಿತ್ತು. ಎತ್ತರದ ಆಳು, ತುಟಿ ಮುಚ್ಚುವ ಬಿಳಿ ಮೀಸೆ, ಕುತ್ತಿಗೆಗೆ ಸದಾ ಸುತ್ತಿಕೊಂಡ ತೆಳುವಾದ ಅರಿವೆ. ಎದುರಿಗೆ ಲ್ಯಾಪ್‌ಟಾಪ್. ಎರಡು ದಪ್ಪ ಬೆರಳುಗಳಿಂದ ಟಪಟಪ ಬರೆದು, ಕೊನೆಯ ಗುಂಡಿಯನ್ನು ಗುದ್ದಿದಂತೆ ಒತ್ತುತ್ತಿದ್ದರು. ಆಗ ಲ್ಯಾಪ್‌ಟಾಪಿನ ಒಳಗಿನಿಂದ ಒಂದು ಹೆಣ್ಣುದನಿ, ಏರಿಳಿತವೇ ಇಲ್ಲದೆ, ಬಹಳ ಸಭ್ಯವಾಗಿ ಹೇಳುತ್ತಿತ್ತು: “ಲೇ ಮಂಗ್ಯಾನ ಮಗನ, ಗೇಟಿನ ಮುಂದ ಗಾಡಿ ಹಚ್ಚಬ್ಯಾಡಂತ ಎಷ್ಟ ಸಲ ಹೇಳಬೇಕು.” ಬೈಸಿಕೊಂಡವನು ನಗುತ್ತಿದ್ದ. ಅದಕ್ಕೇ ಕಾಕಾರಿಗೆ ಮತ್ತಷ್ಟು ಸಿಟ್ಟು ಬರುತ್ತಿತ್ತು.

ಅವರ ಸ್ವಂತ ದನಿ ಹೇಗಿತ್ತೆಂದು ನನಗೆ ಗೊತ್ತು. ಅವರನ್ನು ನೋಡುವ ಎಷ್ಟೋ ವರ್ಷ ಮೊದಲೇ ಅದನ್ನು ಕೇಳಿದ್ದೆ. ವಿಜಯಪುರದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊರಡುವ ಸಮಯ ಹೇಳುತ್ತಿದ್ದವರು ಅವರೇ. ಊರ ಹೆಸರು ‘ಕಾಖಂಡಕಿ’ ಎನ್ನುವಾಗ ನಡುವಿನ ಅಕ್ಷರವನ್ನು ಎಳೆದು ಎಳೆದು, ಹಣ್ಣು ಕೊಳ್ಳುತ್ತಿದ್ದವರು ಹಣ್ಣು ಬಿಟ್ಟು ಓಡಿ ಬರುವಂತೆ ಕರೆಯುತ್ತಿದ್ದರು. ಮುಂದೆ ನನಗೆ ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕು, ನಾವು ಅಥಣಿ ರಸ್ತೆಯ ಹೊಸ ಬಡಾವಣೆಗೆ ಮನೆ ಬದಲಿಸಿದಾಗ ಅವರು ಪಕ್ಕದ ಮನೆಯವರಾದರು. ಅಷ್ಟರಲ್ಲಿ ಗಂಟಲಲ್ಲಿ ಗಡ್ಡೆಯಾಗಿ, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಕುತ್ತಿಗೆಯ ಕೆಳಗೆ ಉಸಿರಾಡಲು ಒಂದು ರಂಧ್ರ ಮಾಡಿದ್ದರು. ಆ ಅರಿವೆ ಅದನ್ನು ಮುಚ್ಚಿಕೊಳ್ಳಲಿಕ್ಕೆ.

ಕಾಯಿಪಲ್ಲೆ ಸಂತೆಗೂ ಅವರು ಲ್ಯಾಪ್‌ಟಾಪ್ ಹೊತ್ತೇ ಹೋಗುತ್ತಿದ್ದರು. ಮೊಬೈಲಿನ ಸಣ್ಣ ಅಕ್ಷರಗಳು ಅವರ ಬೆರಳಿಗೆ ಒಗ್ಗುತ್ತಿರಲಿಲ್ಲ. ಮೆಂತೆಪಲ್ಲೆಯ ಸಿವುಡುಗಳ ಮೇಲೆ ಅದನ್ನು ತೆರೆದಿಟ್ಟು ಚೌಕಾಶಿಗೆ ಇಳಿದರೆ ಸುತ್ತ ಜನ ಸೇರುತ್ತಿದ್ದರು. ನನ್ನನ್ನು ‘ಅಕ್ಕೋರ’ ಎಂದು ಕರೆಯುತ್ತಿದ್ದರು, ನಾನು ಸಾಲಿ ಕಲಿಸುವವಳೆಂದು. ಆಪರೇಷನ್ನಿನ ಬಗ್ಗೆ ಕೇಳಿದರೆ ಮಾತ್ರ, “ಅದೇನ ದೊಡ್ಡ ಮಾತಲ್ಲ ಬಿಡ್ರಿ, ಮಕ್ಕೊಂಡಿದ್ದೆ, ಎದ್ದೆ” ಎಂದು ಯಂತ್ರದಿಂದ ಹೇಳಿಸಿ ಮಾತು ಮುಗಿಸುತ್ತಿದ್ದರು.

ಒಂದು ಭಾನುವಾರ ಬೆಳಿಗ್ಗೆ ಅವರು ನಮ್ಮ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದರು. ಅವರಿಗೆ ಆಪರೇಷನ್ ಮಾಡಿದ ಡಾಕ್ಟರು ಸಾರವಾಡದ ರೈತನೊಬ್ಬನ ವಿಷಯ ತಿಳಿಸಿದ್ದರಂತೆ. ಅವನಿಗೂ ಅದೇ ಕಾಯಿಲೆ. ದನಿ ಹೋಗುತ್ತದೆ ಎಂದದ್ದೇ ತಡ, ಆಸ್ಪತ್ರೆಯಿಂದ ಎದ್ದು ಊರಿಗೆ ಹೋಗಿಬಿಟ್ಟಿದ್ದ. ತಡವಾದರೆ ಉಳಿಯುವುದಿಲ್ಲ. ಹೆಂಡತಿ ಹೇಗೋ ಒಪ್ಪಿಸಿ ಮರುದಿನ ಕಾಕಾರ ಹತ್ತಿರ ಕರೆತರುವವಳಿದ್ದಳು.

“ಅಂವ ಮೊದಲ ಅಂಜ್ಯಾನ. ನನ್ನ ಬಾಯಾಗ ಹೆಣ್ಣಮಗಳ ದನಿ ಕೇಳಿದ್ರ ಗೇಟ್ ದಾಟಿ ಓಡತಾನ. ಗಂಡಸಿನ ದನಿ ಹಾಕಿ ಕೊಡ್ರಿ ಅಕ್ಕೋರ” ಎಂದಿತು ಹುಡುಗಿಯ ದನಿ.

ಗಂಡಸಿನ ದನಿ ಇತ್ತು. ಆದರೆ ಅದು ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್‌ನ ಹೊಸ ಆವೃತ್ತಿಯಲ್ಲಿ ಮಾತ್ರ. ಕಾಕಾರದು ಹಳೆಯದು. ಹೊಸದನ್ನು ಹಾಕಿದರಾಯಿತು ಎಂದುಕೊಂಡು, ಅವರ ಮನೆಯ ಪಡಸಾಲೆಯಲ್ಲಿ ಕೂತು ಕೆಲಸ ಶುರುಮಾಡಿದೆವು. ಇಳಿಸಿಕೊಳ್ಳುವುದಕ್ಕೇ ಬಹಳ ಹೊತ್ತು ಹಿಡಿಯಿತು. ಆಮೇಲೆ ಅರ್ಧಕ್ಕೂ ಮಿಕ್ಕಿ ಮುಂದುವರಿದು ನಿಂತಿತು, ತಾನಾಗಿ ಒಮ್ಮೆ ಬಂದ್ ಆಗಿ ಎದ್ದಿತು, ಅಳವಡಿಸಲು ಆಗಲಿಲ್ಲ, ಮಾಡಿದ ಬದಲಾವಣೆ ವಾಪಸು ತೆಗೆಯುತ್ತಿದ್ದೇನೆ ಎಂದಿತು. ಜಾಗ ಸಾಲದೇನೋ ಎಂದು ಬೇಡದ ವಿಡಿಯೋಗಳನ್ನೆಲ್ಲ ಅಳಿಸಿ ಮತ್ತೆ ಹಚ್ಚಿದೆ. ಅದೇ ಜಾಗದಲ್ಲಿ ನಿಂತಿತು. ವೈರಸ್ ತಡೆಯುವ ತಂತ್ರಾಂಶ ಅಡ್ಡ ಬರುತ್ತಿರಬಹುದು ಎಂದು ಅದನ್ನೂ ತೆಗೆದು ಮತ್ತೆ ಹಚ್ಚಿದೆ. ಈ ಸಲ ಪರದೆ ಪೂರ್ತಿ ಕಪ್ಪಾಯಿತು. ಒಳಗೆ ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಏನೂ ಇಲ್ಲ. ಬಂದ್ ಮಾಡಿ ಹಚ್ಚಿದರೂ ಕಪ್ಪು.

ಆಗ ನನಗೆ ಮೊದಲು ಕೇಳಿಸಿದ್ದು ಕಾಕಾರ ಉಸಿರು. ಅರಿವೆಯ ಹಿಂದಿನಿಂದ ಸುಂಯ್ ಸುಂಯ್ ಎಂದು, ಒಂದರ ಹಿಂದೆ ಒಂದು, ಓಡಿ ಬಂದವರ ಹಾಗೆ. ಮುಖ ಬೆವೆತಿತ್ತು. ನನ್ನತ್ತ ತಿರುಗಿ ತುಟಿ ಅಲ್ಲಾಡಿಸಿದರು. ಮೀಸೆಯ ಅಡಿಯಲ್ಲಿ ಏನು ಹೇಳುತ್ತಿದ್ದಾರೋ ತಿಳಿಯಲಿಲ್ಲ. ಮತ್ತೆ ಹೇಳಿದರು, ಮತ್ತೂ ತಿಳಿಯಲಿಲ್ಲ. ಕಾಗದ ಪೆನ್ನು ಕೊಟ್ಟೆ. ಪೆನ್ನು ಬೆರಳಲ್ಲಿ ನಿಲ್ಲದೆ ಕೆಳಗೆ ಬಿತ್ತು. ಅವರು ಅಂಗೈಯಿಂದ ಮೇಜನ್ನು ಬಡಿಯತೊಡಗಿದರು. ಅವರಿಗೆ ಎದೆಗಿದೆ ಒಡೆಯಿತೇನೋ ಎಂದು ಹೆದರಿದೆ.

ಅಡುಗೆಮನೆಯಿಂದ ಶಾಂತವ್ವ ಕಾಕಿ ಓಡಿ ಬಂದರು. ಗಂಡನ ಬೆನ್ನ ಹಿಂದೆ ನಿಂತು ಎರಡೂ ಭುಜ ಹಿಡಿದು, “ಇಲ್ಲೇ ಅದೀನ್ರಿ, ಎಲ್ಲಿ ಹೋಗಿಲ್ಲ, ಇಲ್ಲೇ ಅದೀನಿ” ಎಂದು ಮೆಲ್ಲಗೆ ಹೇಳುತ್ತಲೇ ಇದ್ದರು. ಉಸಿರು ತಹಬಂದಿಗೆ ಬರಲು ಬಹಳ ಹೊತ್ತಾಯಿತು. ಆಮೇಲೆ ಕಾಕಿ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು. ಆಪರೇಷನ್ ಆಗಿ ಕಾಕಾರಿಗೆ ಎಚ್ಚರವಾದಾಗ ಹತ್ತಿರ ಯಾರೂ ಇರಲಿಲ್ಲವಂತೆ. ಕೂಗಿದರೆ ದನಿಯಿಲ್ಲ, ಏಳಲು ಶಕ್ತಿಯಿಲ್ಲ. ಪರದೆಯ ಆಚೆ ನರ್ಸುಗಳು ಮಾತಾಡುವುದು ಕೇಳಿಸುತ್ತಿತ್ತಂತೆ. ಮಂಚದ ಕಬ್ಬಿಣವನ್ನು ಬಡಿದು ಬಡಿದು ಕೈ ಬಾತಿತ್ತಂತೆ. “ನಿಮಗ ಹೇಳೇನಂತ ಅವರಿಗಿ ಗೊತ್ತಾಗಬಾರದ್ರಿ” ಎಂದರು ಕಾಕಿ.

ಸಂಜೆಯವರೆಗೂ ಆ ಪರದೆ ಕಪ್ಪಾಗಿಯೇ ಇತ್ತು. ಮರುದಿನ ನಾನು ರಜೆ ಹಾಕಿ ಹೋಗುವಷ್ಟರಲ್ಲಿ ಸಾರವಾಡದ ಗಂಡಹೆಂಡತಿ ಬಂದು ಕೂತಾಗಿತ್ತು. ರೈತ ಕುರ್ಚಿಯ ಅಂಚಿನಲ್ಲಿ ಕೂತಿದ್ದ, ಕೈಯಲ್ಲಿ ಟೊಪ್ಪಿಗೆ ಹಿಂಡುತ್ತಿದ್ದ. ಯಂತ್ರ ಕೆಟ್ಟಿದೆ ಎಂದು ನಾನು ತಿಳಿಸಿದೆ. ಅವನು ಹೆಂಡತಿಯತ್ತ ತಿರುಗಿ, ಒಡಕು ದನಿಯಲ್ಲಿ, “ಮಾತಾಡ್ತಾರಂತ ಕರಕೊಂಡ ಬಂದಿ. ಇವರೂ ಮೂಕರ ಅದಾರ. ನಡಿ” ಎಂದು ಎದ್ದ.

ಕಾಕಾರೂ ಎದ್ದರು. ರೈತನಿಗೆ ಓದು ಬಾರದು, ಬರೆದು ತೋರಿಸುವಂತಿರಲಿಲ್ಲ. ಕಾಕಾ ತಮ್ಮ ಕುತ್ತಿಗೆಯ ಅರಿವೆಯ ಗಂಟು ಬಿಚ್ಚಿದರು. ಅಷ್ಟು ವರ್ಷದಲ್ಲಿ ನಾನು ಆ ರಂಧ್ರವನ್ನು ನೋಡಿರಲಿಲ್ಲ. ಹೊರಗಿನವರ ಎದುರು ಅವರು ಅದನ್ನು ತೆರೆದವರೇ ಅಲ್ಲ. ರೈತನ ಅಂಗೈ ಹಿಡಿದು ಅದರ ಮುಂದೆ ಒಯ್ದರು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ. ಕಾಕಾ ಬಿಡಲಿಲ್ಲ. ಬಿಸಿ ಉಸಿರು ಅಂಗೈಗೆ ತಾಗುತ್ತಿದ್ದಿರಬೇಕು. ಸ್ವಲ್ಪ ಹೊತ್ತಿಗೆ ಅವನು ಎಳೆಯುವುದನ್ನು ನಿಲ್ಲಿಸಿದ. ಹಾಗೇ ಕೂತ.

“ಊಟ ಹೋಗತೈತ್ರಿ?” ಎಂದು ಕೇಳಿದ.

ಕಾಕಾ ಕಾಕಿಗೆ ಕೈಸನ್ನೆ ಮಾಡಿದರು. ಅವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟರು. ಅವನ ಕಣ್ಣೆದುರಿಗೇ ಕಾಕಾ ಒಂದೊಂದೇ ತುತ್ತು ನಿಧಾನವಾಗಿ ಅಗಿದು ನುಂಗಿ, ರೊಟ್ಟಿ ಪೂರ್ತಿ ಮುಗಿಸಿದರು. ಅವನು ಕಣ್ಣು ಮಿಟುಕಿಸದೆ ಅವರ ಗಂಟಲನ್ನೇ ನೋಡುತ್ತಿದ್ದ. ಆಮೇಲೆ ತಲೆ ತಗ್ಗಿಸಿ, ಬಹುಶಃ ಆವರೆಗೆ ಯಾರನ್ನೂ ಕೇಳದಿದ್ದುದನ್ನು ಕೇಳಿದ:

“ಎತ್ತು ಹೊಡಿಯೂದು ಹ್ಯಾಂಗ್ರಿ? ನನ್ನ ದನಿ ಕೇಳಿದ್ರನ ಅವು ಹೆಜ್ಜಿ ಇಡತಾವ.”

ಕಾಕಾ ಯೋಚಿಸಿದರು. ಆಮೇಲೆ ನಾಲಗೆಯನ್ನು ಅಂಗುಳಿಗೆ ಹಚ್ಚಿ ಬಿಟ್ಟು, ಎತ್ತು ಹೊಡೆಯುವವರು ಮಾಡುವ ಹಾಗೆಯೇ ಲೊಟಕ್ ಲೊಟಕ್ ಎಂದು ಸದ್ದು ಮಾಡಿದರು. ಅದಕ್ಕೆ ದನಿ ಬೇಕಿರಲಿಲ್ಲ. ರೈತ ಬೆರಗಾಗಿ ನೋಡಿದ. ತಾನೂ ಒಮ್ಮೆ ಹಾಗೆ ಮಾಡಿದ. ಆಮೇಲೆ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಅವನ ಹೆಂಡತಿ ಅಂದೇ ಡಾಕ್ಟರಿಗೆ ಫೋನ್ ಮಾಡಿದಳು.

ಅವರು ಹೋದ ಮೇಲೆ ನಾನು ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿದೆ. ಪಕ್ಕದ ಸೀಳಿನಲ್ಲಿ ಹಳೆಯ ಮೆಮೊರಿ ಕಾರ್ಡೊಂದು ಸಿಕ್ಕಿಕೊಂಡಿತ್ತು. ಯಾವಾಗ ಹಾಕಿದ್ದೋ ಮನೆಯವರಿಗೂ ನೆನಪಿರಲಿಲ್ಲ. ಯಂತ್ರ ಎದ್ದೇಳುವಾಗ ಅದನ್ನು ಓದಲು ಹೋಗಿ ಅಲ್ಲೇ ನಿಲ್ಲುತ್ತಿತ್ತೇನೋ ಎಂದು ಅದನ್ನು ತೆಗೆದು ಹಚ್ಚಿದೆ. ಪರದೆ ಬೆಳಗಿತು, ಹಳೆಯ ವ್ಯವಸ್ಥೆ ಹಾಗೆಯೇ ಎದ್ದು ಕೂತಿತು. ಕಾಕಾ ಆಗಲಿ ಎಂಬಂತೆ ತಲೆಯಾಡಿಸಿದ್ದರಿಂದ ಹೊಸ ಆವೃತ್ತಿಯನ್ನು ಮತ್ತೊಮ್ಮೆ ಹಚ್ಚಿದೆ. ಈ ಸಲ ಎಲ್ಲಿಯೂ ನಿಲ್ಲದೆ ಹೊಸದು ಕೂತಿತು.

ಗಂಡಸಿನ ದನಿ ಹಾಕಿಕೊಟ್ಟೆ. ಕಾಕಾ ಮೀಸೆ ತೀಡಿ, “ಶಾಂತಾ, ಚಾ ತಾ” ಎಂದು ಬರೆದು ಗುಂಡಿ ಗುದ್ದಿದರು. ಒಳಗಿನಿಂದ ಕಾಕಿ, “ಯಾರ ಬಂದಾರ್ರಿ?” ಎಂದು ಸೆರಗು ಸರಿಪಡಿಸಿಕೊಳ್ಳುತ್ತ ಹೊರಗೆ ಬಂದರು. ಕಾಕಾ ಸದ್ದಿಲ್ಲದೆ, ಭುಜ ಕುಣಿಯುವಂತೆ ನಕ್ಕರು. ಎರಡೇ ದಿನದಲ್ಲಿ ಹುಡುಗಿಯ ದನಿಯನ್ನೇ ಮತ್ತೆ ಹಾಕಿಸಿಕೊಂಡರು. ಸಾರವಾಡದವನ ಆಪರೇಷನ್ ಆಯಿತು. ಈಗಲೂ ಹೊಲ ಮಾಡಿಕೊಂಡಿದ್ದಾನೆ.

ಕಾಕಾರನ್ನು ನಾನು ಕೊನೆಗೆ ಕಂಡದ್ದು ಮುಂದಿನ ಚಳಿಗಾಲದಲ್ಲಿ. ಕುತ್ತಿಗೆಯ ಬದಿಯಲ್ಲಿ ಮತ್ತೆ ಗಂಟು ಎದ್ದಿತ್ತು. ಮರುದಿನ ಆಸ್ಪತ್ರೆಗೆ ಹೊರಡುವವರಿದ್ದರು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಏನೋ ಬರೆದರು, ಅಳಿಸಿದರು, ಮತ್ತೆ ಬರೆದರು. ಗುಂಡಿಯನ್ನು ಆ ಸಲ ಮೆಲ್ಲಗೆ ಒತ್ತಿದರು.

“ಅಕ್ಕೋರ, ನನಗ ಭಾಳ ಅಂಜಿಕಿ ಆಗೇತಿ.”

ಚಹಾ ಕೇಳುವಾಗಿನ ಅದೇ ರಾಗದಲ್ಲಿ ಯಂತ್ರ ಅದನ್ನು ಹೇಳಿತು. ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ ಕಾಕಿ ಕೈ ನಿಲ್ಲಿಸಿದರು.

“ನನಗೂ ಆಗೇತ್ರಿ” ಎಂದರು. ಬಂದು ಗಂಡನ ಮಗ್ಗುಲಲ್ಲಿ ಕೂತರು.

ಕಾಕಾ ಲ್ಯಾಪ್‌ಟಾಪ್ ಮುಚ್ಚಿ ಬದಿಗೆ ಸರಿಸಿ ಅವರಿಗೆ ಜಾಗ ಮಾಡಿಕೊಟ್ಟರು. ಮರುದಿನ ಹೊರಡುವಾಗ ಅದನ್ನು ಒಯ್ಯಲಿಲ್ಲ. ಆಸ್ಪತ್ರೆಯಿಂದ ಕಾಕಿ ಒಬ್ಬರೇ ಮರಳಿದರು. ಕೊನೆಯ ದಿನಗಳಲ್ಲಿ ಏನು ಬೇಕು ಬೇಡ ಎಂದು ಹೇಗೆ ತಿಳಿಯುತ್ತಿತ್ತು ಎಂದು ಕೇಳಿದ್ದಕ್ಕೆ, ಏನೂ ಬೇಡುತ್ತಿರಲಿಲ್ಲ, ಕೈ ಮಾತ್ರ ಬಿಡುತ್ತಿರಲಿಲ್ಲ ಎಂದು ಹೇಳಿದರು.