ಕಂಪ್ಲಿಗೆ ‘ಬಂದೆ’ ಅಂದದ್ದು

ಪತ್ತೇದಾರಿ ಕಾದಂಬರಿ ಬರೆಯುವವರನ್ನು ವೇದಿಕೆಗೆ ಕರೆದು ಕೂರಿಸಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನೀವು ಬರೆಯುವುದು ಸಾಹಿತ್ಯವೇ? ಇದಕ್ಕೆ ಉತ್ತರ ಹೇಳಲು ನಾನು ಮೈಸೂರಿಗೆ ಹೋಗಿದ್ದೇನೆ, ಮಂಗಳೂರಿಗೆ ಹೋಗಿದ್ದೇನೆ, ಬೆಳಗಾವಿಗೂ ಹೋಗಿದ್ದೇನೆ. ಹೋದಲ್ಲೆಲ್ಲ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಕಳ್ಳಿಯನ್ನು ಸಾಕ್ಷಿ ಸಾಲದೆ ಬಿಟ್ಟ ಹಾಗೆ ಬಿಟ್ಟು ಕಳಿಸಿದ್ದಾರೆ. ಹೋದ ವರ್ಷ ಅದೇ ಪ್ರಶ್ನೆಗೆ ಉತ್ತರಿಸಲು ಹಂಪಿಗೆ ಬನ್ನಿ, ಎರಡು ದಿನದ ಸಮಾವೇಶ, ಒಳ್ಳೆ ರೆಸಾರ್ಟು ಎಂದು ಫೋನು ಬಂತು. ಒಪ್ಪಿಕೊಂಡೆ. ಪ್ರಶ್ನೆಯ ಮೇಲಿನ ಪ್ರೀತಿಯಿಂದಲ್ಲ, ರೆಸಾರ್ಟಿನ ಆಸೆಯಿಂದಲೂ ಅಲ್ಲ. ಅಲ್ಲಿಂದ ಕಂಪ್ಲಿಗೆ ಕಾರಿನಲ್ಲಿ ಒಂದು ಗಂಟೆ ಸಾಕು, ಮತ್ತು ಕಂಪ್ಲಿಯಲ್ಲಿ ನನ್ನ ಗೆಳತಿ ಇದ್ದಳು.

ಅವಳೂ ನಾನೂ ಹೊಸಪೇಟೆಯ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅವಳು ಕಂಪ್ಲಿಯ ಹೈಸ್ಕೂಲಿಗೆ ಕನ್ನಡ ಟೀಚರ್ ಆಗಿ ಹೋದಳು, ನಾನು ಮದುವೆಯಾಗಿ ಹುಬ್ಬಳ್ಳಿಗೆ ಹೋಗಿ ಕೊಲೆಗಳನ್ನು ಬರೆಯತೊಡಗಿದೆ. ಮೈಕಿಲ್ಲದೆ ಇಡೀ ಶಾಲೆಯ ಮೈದಾನವನ್ನು ಸುಮ್ಮನಾಗಿಸುವ ಗಂಟಲು ಅವಳದು. ನನ್ನ ಒಂದು ಕಾದಂಬರಿಯೂ ಆ ಗಂಟಲನ್ನು ದಾಟದೆ ಅಚ್ಚಿಗೆ ಹೋಗಿಲ್ಲ. ನಾನು ಕೈಯಲ್ಲಿ ಬರೆದದ್ದನ್ನು ಅಂಚೆಯಲ್ಲಿ ಕಳಿಸುತ್ತಿದ್ದೆ. ಅವಳು ಫೋನಿನಲ್ಲಿ ಸಂಭಾಷಣೆಗಳನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಸುಳ್ಳು ಮಾತು ಬಂದ ಕೂಡಲೇ ಅವಳ ನಾಲಿಗೆ ನಿಲ್ಲುತ್ತಿತ್ತು.

“ಇದು ಯಾರೂ ಆಡೋ ಮಾತಲ್ಲಲೇ. ಕೊಲೆ ಮಾಡಿ ಮನಿಗೆ ಬಂದವ ‘ನಾನು ಬಹಳ ದಣಿದಿದ್ದೇನೆ’ ಅಂತಾನೇನು? ‘ನೀರ್ ಕೊಡು’ ಅಂತಾನ, ಅಷ್ಟ.”

ನಾನು ಹೊಡೆದುಹಾಕಿ ‘ನೀರು ಕೊಡು’ ಎಂದು ಬರೆಯುತ್ತಿದ್ದೆ. ಓದುಗರು ಆ ಸಾಲನ್ನೇ ಮೆಚ್ಚಿ ಫೋನು ಮಾಡುತ್ತಿದ್ದರು. ಮೆಚ್ಚುಗೆಯನ್ನೆಲ್ಲ ನಾನೇ ನುಂಗುತ್ತಿದ್ದೆ, ಅವಳಿಗೆ ಅದರ ಗೊಡವೆಯೇ ಇರಲಿಲ್ಲ.

ಆ ಗಂಟಲಲ್ಲಿ ಗಡ್ಡೆ ಎದ್ದಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವಕ್ಕೆ ಭಯವಿಲ್ಲ, ಆದರೆ ಮಾತು ಇರುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಹೇಳಿದರು. ಆಪರೇಷನ್ನು ಸಮಾವೇಶ ಮುಗಿದ ಮರುದಿನ, ಸೋಮವಾರ.

“ನಿನ್ನ ಹೊಸಾ ಕಾದಂಬರಿ ಕೊನೀ ಅಧ್ಯಾಯ ಬಾಕಿ ಐತಲ್ಲ, ಅದನ್ನ ಅಂಚೀಗೆ ಹಾಕಬ್ಯಾಡ,” ಎಂದಳು. ಧ್ವನಿ ಆಗಲೇ ಒಡೆದಿತ್ತು. “ತಗೊಂಡು ಬಾ. ಎದುರಿಗೆ ಕುಂತು ಓದ್ತೀನಿ. ಆಮ್ಯಾಲೆ ಆ ಪೆಟಗಿ ಬೇಕಾದವರು ಒಯ್ಲಿ. ಶನಿವಾರ ಬರ್ತೀ ಹೌದಿಲ್ಲೋ?”

“ಬಂದೆ,” ಎಂದೆ.

ಈ ‘ಬಂದೆ’ಯ ವಿಷಯ ಹೇಳಬೇಕು. ಅವಳು ಮಕ್ಕಳಿಗೆ ಕಾಲಗಳ ಪಾಠ ಮಾಡುವಾಗ ಪ್ರತಿವರ್ಷ ಈ ಒಂದು ಮಾತು ಹಿಡಿದು ನಗಿಸುತ್ತಿದ್ದಳಂತೆ. “ಭೂತಕಾಲ ಹಾಕಿ ಭವಿಷ್ಯ ಹೇಳೋ ಜನ ನಾವು. ಇನ್ನ ಬಚ್ಚಲದಾಗ ಇರ್ತೀವಿ, ‘ಬಂದೆ’ ಅಂತೀವಿ. ನಿನ್ನ ಪತ್ತೇದಾರ ಒಬ್ಬನಾದ್ರೂ ಇದನ್ನ ಹಿಡದಾನೇನು?” ಅದರಿಂದಲೇ ನಾನೊಂದು ಕಾದಂಬರಿ ಕಟ್ಟಿದ್ದೆ. ಒಳಗಿನಿಂದ ‘ಬಂದೆ’ ಎಂದು ಕೂಗಿದವನು ಹೊರಗೆ ಬರಲೇ ಇಲ್ಲ, ಸಾಕ್ಷಿಗಳು ಮಾತ್ರ ಅವನು ಬಂದನೆಂದೇ ಹೇಳುತ್ತಾರೆ. ಚೆನ್ನಾಗಿ ಮಾರಾಟವಾಯಿತು.

ಶನಿವಾರ. ಕಡ್ಡಿರಾಂಪುರದ ಹತ್ತಿರದ ರೆಸಾರ್ಟು. ಬೆಳಿಗ್ಗೆ ಹತ್ತಕ್ಕೆ ಉದ್ಘಾಟನೆ ಎಂದಿತ್ತು. ಮುಖ್ಯ ಅತಿಥಿಗಳು ಫೋನಿನಲ್ಲಿ “ಬಂದೆ, ದಾರ್ಯಾಗ ಅದೀನಿ” ಎನ್ನುತ್ತಲೇ ಮಧ್ಯಾಹ್ನ ಮಾಡಿದರು. ನನ್ನ ಗೋಷ್ಠಿ ಮೂರಕ್ಕೆ ಮುಗಿಯಬೇಕಾಗಿದ್ದದ್ದು ನಾಲ್ಕೂವರೆಗೆ ಶುರುವಾಯಿತು. ಸಾಹಿತ್ಯವೇ ಅಲ್ಲವೇ ಎಂಬುದನ್ನು ತೀರ್ಮಾನಿಸಲು ನಾಲ್ಕು ಜನ ಮೈಕು ಹಿಡಿದಿದ್ದೆವು. ಒಬ್ಬರು, ನನ್ನ ಒಂದು ಪುಸ್ತಕವನ್ನೂ ಓದಿಲ್ಲ ಎಂಬುದನ್ನು ಹೆಮ್ಮೆಯಿಂದ ಹೇಳಿಕೊಂಡು, ಇಪ್ಪತ್ತು ನಿಮಿಷ ನನ್ನ ಪುಸ್ತಕಗಳ ಬಗ್ಗೆ ಮಾತಾಡಿದರು. ನಾನು ಮೇಜಿನ ಕೆಳಗೆ ಗಡಿಯಾರ ನೋಡುತ್ತಿದ್ದೆ.

ಮುಗಿದ ಕೂಡಲೇ ಕಾರು ಕೇಳಿದೆ. ಬೆಂಗಳೂರಿನಿಂದ ಬಂದಿದ್ದ ಸಂಘಟಕರು ಕೈ ಮುಗಿದರು. “ಮೇಡಂ, ಊಟ ಮುಗಿಸ್ಕೊಂಡೇ ಹೋಗ್ಬೇಕು. ವಿಜಯನಗರ ಕಾಲದ ರಾಜಭೋಜನ, ವಿಶೇಷವಾಗಿ ಮಾಡಿಸಿದ್ದೀವಿ.” ಬೇಡ ಎಂದೆ. ಡ್ರೈವರ್‌ಗೆ ಫೋನು ಹಚ್ಚಿದರು. ಅವನು ಇನ್ನಾರೋ ಅತಿಥಿಗಳನ್ನು ಹೇಮಕೂಟದ ಗುಡ್ಡಕ್ಕೆ ಸೂರ್ಯಾಸ್ತದ ಫೋಟೋ ತೆಗೆಸಲು ಕರೆದುಕೊಂಡು ಹೋಗಿದ್ದ. “ಬಂದೆ ಮೇಡಂ, ಹತ್ತ ನಿಮಿಷ,” ಎಂದ. ಸೂರ್ಯ ಮುಳುಗಿದ. ಡ್ರೈವರ್ ಬರಲಿಲ್ಲ.

ರಾಜಭೋಜನಕ್ಕೆ ಕುಳಿತೆ. ದೊಡ್ಡ ಬಿಳಿಯ ತಟ್ಟೆ, ನಡುವೆ ಅಂಗೈಯಷ್ಟೂ ಇಲ್ಲದ ಆಹಾರ, ಮೇಲೆ ಒಂದು ಹೂವು. ಬಡಿಸಿದವನು ಪ್ರತಿ ತಟ್ಟೆಗೂ ಒಂದು ಭಾಷಣ ಮಾಡುತ್ತಿದ್ದ. ರಾಯರ ಕಾಲದ ಸಾರಿನಲ್ಲಿ ಟೊಮ್ಯಾಟೊ ತೇಲುತ್ತಿತ್ತು. ರಾಯರ ಕಾಲಕ್ಕೆ ಈ ಕಡೆ ಟೊಮ್ಯಾಟೊ ಬಂದಿರಲಿಲ್ಲವಲ್ಲ ಎಂದೆ. ಪತ್ತೇದಾರಿ ಬರೆಯುವವಳಿಗೆ ಇಷ್ಟೂ ಕಾಣದಿದ್ದರೆ ಹೇಗೆ? “ಅದು ಕಾನ್ಸೆಪ್ಟ್ ಮೇಡಂ,” ಎಂದರು ಸಂಘಟಕರು. ಹೊಟ್ಟೆ ಹಸಿದಿತ್ತು, ಸಿಟ್ಟು ನೆತ್ತಿಗೇರಿತ್ತು. ಸ್ವಲ್ಪ ಒಗ್ಗರಣೆ ಮಿರ್ಚಿ ಸಿಗುತ್ತದೆಯೇ ಎಂದು ಕೇಳಿದೆ. ಈ ಊರಲ್ಲಿ ಒಗ್ಗರಣೆ ಎಂದರೆ ನೆನೆಸಿ ಹಿಂಡಿದ ಮಂಡಕ್ಕಿಯ ತಿಂಡಿ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಬೀದಿಯ ಯಾವ ಬಂಡಿಯಲ್ಲಿ ಕೇಳಿದರೂ ಕೊಡುತ್ತಾರೆ. ಹೊರಗಿನಿಂದ ಬಂದಿದ್ದ ಅಡುಗೆಯವರು ಬಹಳ ಯೋಚನೆ ಮಾಡಿ ಕಳಿಸಿದ್ದು ಪುಟ್ಟ ಬಟ್ಟಲಲ್ಲಿ ಸಾಸಿವೆ ಸಿಡಿಸಿದ ಬಿಸಿ ಎಣ್ಣೆ, ಅದರಲ್ಲಿ ಮುಳುಗಿದ ಎರಡು ಒಣಮೆಣಸಿನಕಾಯಿ. ಅದಕ್ಕೂ ಒಂದು ಹೂವು ಇಟ್ಟಿದ್ದರು.

ಊಟದ ನಡುವೆ ಎದ್ದು ಹೋಗಿ ಅವಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. “ಎಣ್ಣಿ ಕುಡದೇನು?” ಎಂದು ನಕ್ಕಳು, ನಗು ಕೆಮ್ಮಾಯಿತು. “ಇರ್ಲಿ ಬಿಡು. ನಾಳೆ ಬಾ.”

“ಬಂದೆ.”

ಭಾನುವಾರಕ್ಕೆ ಸಂಘಟಕರ ಕಾರನ್ನು ನಂಬಬಾರದೆಂದು ಸಂಡೂರಿನ ಗೆಳೆಯನನ್ನು ನಂಬಿದೆ. ಅವನೂ ನಮ್ಮ ಕಾಲೇಜಿನವನೇ. ಅದಿರು ಕಂಪನಿಯೊಂದರ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿದ್ದ. “ಏನವಾ, ಬಾಡಿಗಿ ಗಾಡಿ ಯಾಕ? ನಾ ಬಂದೆ, ನಮ್ಮನ್ಯಾಗ ಊಟ ಮಾಡಿ ಇಬ್ರೂ ಕೂಡಿ ಕಂಪ್ಲಿಗೆ ಹೋಗೋಣ,” ಎಂದ. ಕಂಪ್ಲಿ ಒಂದು ದಿಕ್ಕು, ಸಂಡೂರು ಇನ್ನೊಂದು. ಆದರೂ ಮೂವರೂ ಒಟ್ಟಿಗೆ ಕೂತು ಎಷ್ಟೋ ವರ್ಷವಾಗಿತ್ತು. ಆ ಆಸೆಗೆ ಬಿದ್ದೆ. ಸಮಾವೇಶದ ಎರಡನೆಯ ದಿನಕ್ಕೆ ತಲೆನೋವು ಎಂದು ಹೇಳಿ ಅವನ ಕಾರು ಹತ್ತಿದೆ.

ಅವನ ಹೆಂಡತಿ ಇಡೀ ಮುಂಜಾನೆ ಒಲೆಯ ಮುಂದೆ ನಿಂತಿದ್ದರು. ಹೋಳಿಗೆ, ಎಣ್ಣೆಗಾಯಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಹಿಂದಿನ ದಿನದ ರಾಜಭೋಜನವನ್ನು ಈ ಊಟದ ಮುಂದೆ ನಿವಾಳಿಸಿ ಎಸೆಯಬಹುದಾಗಿತ್ತು. “ಇನ್ನೊಂದ್ ಹಾಕಸ್ಕೋರಿ ಅಕ್ಕಾರ,” ಎನ್ನುವಾಗ ಬೇಡ ಎನ್ನಲು ಯಾವ ಬಾಯಿ? ಅಷ್ಟರಲ್ಲಿ ಅವನ ಕಂಪನಿಯ ಹಳೆಯ ಸ್ನೇಹಿತರು ಒಬ್ಬೊಬ್ಬರೇ ಬಂದರು. ಗಣಿಯಲ್ಲಿ ನಡೆದದ್ದೆಂದು ಒಬ್ಬೊಬ್ಬರೂ ಒಂದೊಂದು ಕೊಲೆ ಹೇಳಿ, “ಇದನ್ನ ಬರೀರಿ ಮೇಡಂ, ನಮ್ಮ ಹೆಸರು ಬ್ಯಾಡ,” ಎಂದರು. ಫೋಟೋ ಆಯಿತು. ಚಹಾ ಆಯಿತು. ಹೊರಡೋಣವೇ ಎಂದು ತಿರುಗಿ ನೋಡಿದರೆ ನನ್ನ ಗೆಳೆಯ ದಿವಾನದ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ. “ಮಧ್ಯಾಹ್ನ ಒಂದ್ ತಾಸು ಮಲಗ್ದಿದ್ರ ಅವರಿಗೆ ಬಿಪಿ ಏರತೈತ್ರಿ,” ಎಂದರು ಅವನ ಹೆಂಡತಿ ಪಿಸುದನಿಯಲ್ಲಿ. ನನ್ನ ಬಿಪಿಯ ಬಗ್ಗೆ ಯಾರೂ ಕೇಳಲಿಲ್ಲ. ಆ ದಿವಾನವನ್ನು ಅವನ ಸಮೇತ ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಅವನು ಏಳುವ ಮೊದಲೇ ಫೋನು ಬಂತು. ಅವಳ ಗಂಡ. “ಅಕ್ಕಾರ, ದವಾಖಾನ್ಯಾಗ ಸಂಜೀಕ ಅಡ್ಮಿಟ್ ಅಂದಿದ್ರು, ಈಗ ಜಲ್ದಿ ಬರ್ರಿ ಬೆಡ್ ಖಾಲಿ ಆಗೇತಿ ಅಂದ್ರು. ಬಳ್ಳಾರಿಗೆ ಬಂದೀವಿ. ಇವತ್ತ ಬರಬ್ಯಾಡ್ರಿ, ಒಳಗ ಬಿಡಂಗಿಲ್ಲಂತ. ನಾಳೆ ಮುಂಜಾನೆ ಬರ್ರಿ.” ಅವಳು ಫೋನು ಕಸಿದುಕೊಂಡದ್ದು ಕೇಳಿಸಿತು.

“ಮುಂಜಾನೆ ಬಂದ್ರೂ ನಡೀತೈತಿ. ಒಂದ ಪುಟ ಆದ್ರೂ ಓದ್ತೀನಿ. ಕಾಗದ ಮರೀಬ್ಯಾಡಲೇ.”

“ಬಂದೆ,” ಎಂದೆ.

ರಾತ್ರಿ ಸಂಡೂರಿನಲ್ಲೇ ಉಳಿದು, ಸೋಮವಾರ ಬೆಳಕು ಹರಿಯುವ ಮೊದಲೇ ಗೆಳೆಯನನ್ನು ಎಬ್ಬಿಸಿದೆ. ನಿನ್ನೆಯ ನಿದ್ದೆಗೆ ಅವನಿಗೂ ನಾಚಿಕೆಯಾಗಿತ್ತು, ಕೂಡಲೇ ಕಾರಿನ ಕೀಲಿ ಹಿಡಿದು ಹೊರಟ. ತೋರಣಗಲ್ಲಿನವರೆಗೆ ಸರಿಯಾಗಿಯೇ ಬಂದೆವು. ಅಲ್ಲಿ ಕಾರ್ಖಾನೆಯ ಶಿಫ್ಟು ಬದಲಾಗುವ ಹೊತ್ತು. ಕಂಪನಿ ಬಸ್ಸು, ಖಾಸಗಿ ಬಸ್ಸು, ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದು ರಸ್ತೆ ದಾಟುವ ಗುತ್ತಿಗೆ ಕೆಲಸದವರು. ಎಲ್ಲರ ನಡುವೆ ಒಂದು ಅದಿರಿನ ಲಾರಿ ಅಡ್ಡಡ್ಡ ನಿಂತು ಕೆಟ್ಟಿತ್ತು. ಹಿಂದೆ ಹೋಗಲೂ ಜಾಗವಿಲ್ಲ, ಮುಂದೆಯೂ ಇಲ್ಲ. ಗೆಳೆಯ ಹಾರ್ನ್ ಹೊಡೆದ. ಎಲ್ಲರೂ ಹೊಡೆಯುತ್ತಿದ್ದರು.

ಫೋನು ಬಂತು. ಅವಳೇ.

“ಎಲ್ಲಿದ್ದೀ?”

“ಬಂದೆ. ತೋರಣಗಲ್ಲಿನಾಗ ಅದೀವಿ.”

“ಖರೇನ? ಇಲ್ಲಾ ಇನ್ನ ಬಚ್ಚಲದಾಗ ಅದೀಯೋ?”

ಫೋನನ್ನು ಕಿಟಕಿಯ ಹೊರಗೆ ಹಿಡಿದೆ. ಹಾರ್ನುಗಳನ್ನು ಕೇಳಿ ನಂಬಿದಳು. “ಕರ್ಕೊಂಡು ಹೋಗಾಕ ಈಗ ಬರ್ತಾರ. ಫೋಟೋ ಹೊಡದು ಕಳಸು, ಇಲ್ಲೇ ಓದ್ತೀನಿ.” ತೊಡೆಯ ಮೇಲೆ ಹಾಳೆ ಹರಡಿ ಫೋಟೋ ತೆಗೆದೆ, ಕಳಿಸಿದೆ. ಮಾತು ಕೇಳುತ್ತಿತ್ತು, ಇಂಟರ್ನೆಟ್ ಮಾತ್ರ ಇಲ್ಲ, ತೆರೆಯ ಮೇಲೆ ಬಳೆಯಂಥದ್ದೊಂದು ಸುಮ್ಮನೆ ಸುತ್ತುತ್ತಿತ್ತು. ಎಲ್ಲ ಪುಟ ಬೇಡ, ಕೊನೆಯದೊಂದಾದರೂ ಹೋಗಲಿ ಎಂದು ಮತ್ತೆ ಕಳಿಸಿದೆ. ಅದೂ ಸುತ್ತಿತು. ನನಗೆ ಅಳು ಬಂತು, ಸಿಟ್ಟಿನ ಅಳು.

“ಹೋಗ್ಲಿ ಬಿಡು, ನೀನ ಓದು,” ಎಂದಳು. “ನಾ ಕೇಳ್ತೀನಿ.”

ಇಷ್ಟು ವರ್ಷದಲ್ಲಿ ಅದೊಂದು ಸಲ ನಾನು ಓದಿದೆ, ಅವಳು ಕೇಳಿದಳು. ಕೊನೆಯ ಪುಟ. ಕೊಲೆಗಾರ ತನ್ನ ಮನೆಯೊಳಗೆ ಒಬ್ಬನೇ ಕೂತಿದ್ದಾನೆ. ಎಲ್ಲ ಗೊತ್ತಾಗಿದೆಯೆಂದು ಅವನಿಗೂ ಗೊತ್ತು. ಪೊಲೀಸರು ಬಾಗಿಲು ಬಡಿಯುತ್ತಾರೆ. ಅವನು ಎದ್ದು ನಿಂತು, ನ್ಯಾಯ, ಪಶ್ಚಾತ್ತಾಪ, ವಿಧಿ ಎಂದು ಹತ್ತು ಸಾಲು ಮಾತಾಡುತ್ತಾನೆ. ಬಹಳ ಕಷ್ಟಪಟ್ಟು ಬರೆದಿದ್ದೆ. ಗೋಷ್ಠಿಗಳಲ್ಲಿ ಕೇಳುವ ಆ ಪ್ರಶ್ನೆಗೆ ಈ ಹತ್ತು ಸಾಲೇ ಉತ್ತರವಾಗಲಿ ಎಂದು ಬರೆದಿದ್ದೆ. ನಾಲ್ಕನೆಯ ಸಾಲಿಗೆ ಅವಳು ತಡೆದಳು.

“ಸುಳ್ಳು. ಬಾಗ್ಲ ಬಡದಾಗ ಯಾರಾದ್ರೂ ಇಷ್ಟ್ ಮಾತಾಡ್ತಾರೇನಲೇ?”

“ಮತ್ತ ಏನಂತಾನ?”

ಅವಳು ಉಸಿರು ತೆಗೆದುಕೊಂಡದ್ದು ಕೇಳಿಸಿತು. ಆಗ ಆ ಕಡೆ ಬಾಗಿಲು ತೆರೆಯಿತು. ನರ್ಸ್ ಇರಬೇಕು, ಅವಸರದ ಹೆಣ್ಣುಧ್ವನಿ. “ಅಮ್ಮಾ, ಬರ್ರಿ, ಟೈಮ್ ಆತು. ಫೋನ್ ಕೊಟ್ಟ್ ಬರ್ರಿ.”

“ಬಂದೆ,” ಎಂದಳು ನನ್ನ ಗೆಳತಿ.

ಫೋನು ಕಟ್ಟಾಯಿತು. ಲಾರಿಯನ್ನು ಪಕ್ಕಕ್ಕೆ ಎಳೆಯಲು ಇನ್ನೂ ಕ್ರೇನು ಬಂದಿರಲಿಲ್ಲ. ನಾವು ಆಸ್ಪತ್ರೆ ಮುಟ್ಟಿದಾಗ ಅವಳ ಗಂಡ ಬೆಂಚಿನ ಮೇಲೆ ಅವಳ ಕನ್ನಡಕ ಹಿಡಿದು ಕೂತಿದ್ದರು. ಓದಲೆಂದು ಒರೆಸಿ ಇಟ್ಟುಕೊಂಡಿದ್ದಳಂತೆ.

ನಾನು ಯಾರ ಮೇಲೆ ಸಿಟ್ಟಾಗಲಿ? ಟೊಮ್ಯಾಟೊ ಹಾಕಿದವರ ಮೇಲೆ ಆದೆ. ಮಲಗಿದವನ ಜೊತೆ ಆರು ತಿಂಗಳು ಮಾತು ಬಿಟ್ಟೆ, ಆಮೇಲೆ ಅವನೇ ಹೋಳಿಗೆ ತಂದುಕೊಟ್ಟ. ಅದು ಯಾವುದೂ ಸಾಲಲಿಲ್ಲ. ಆ ಹತ್ತು ಸಾಲು ಹೊಡೆದುಹಾಕಿದೆ. ಬಾಗಿಲು ಬಡಿದಾಗ ನನ್ನ ಕೊಲೆಗಾರ ಒಂದೇ ಮಾತು ಆಡುತ್ತಾನೆ, ಕಾದಂಬರಿ ಅಲ್ಲಿಗೆ ಮುಗಿಯುತ್ತದೆ. ಮೊನ್ನೆ ಇನ್ನೊಂದು ಗೋಷ್ಠಿಯಲ್ಲಿ ಒಬ್ಬರು ಎದ್ದುನಿಂತು, ಕೊನೆ ತೀರಾ ಅವಸರದ್ದಾಯಿತು, ಪಾತ್ರಕ್ಕೆ ಒಂದಿಷ್ಟು ಮಾತು ಕೊಡಬಹುದಿತ್ತು ಎಂದರು. ಮೈಕು ಪಕ್ಕದವರಿಗೆ ಕೊಟ್ಟುಬಿಟ್ಟೆ.

ಪುಸ್ತಕ ಬಂದ ವಾರವೇ ಕಂಪ್ಲಿಗೆ ಬಸ್ಸಿನಲ್ಲಿ ಹೋದೆ, ಯಾರಿಗೂ ಹೇಳದೆ, ಅವಳಿಗೂ ಹೇಳದೆ. ಕತ್ತಿಗೆ ಬಿಳಿಯ ಬಟ್ಟೆ ಸುತ್ತಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಗಡಿಯಾರದ ಕಡೆ ಬೆರಳು ತೋರಿಸಿ ಹುಬ್ಬು ಹಾರಿಸಿದಳು. ಪುಸ್ತಕ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೇರ ಕೊನೆಯ ಪುಟ ತೆಗೆದಳು. ಗಟ್ಟಿಯಾಗಿ ಓದುವಾಗಿನ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದಳು. ತುಟಿಗಳು ಆಡುತ್ತಿದ್ದವು. ಕೊನೆಯ ಮಾತಿನ ಹತ್ತಿರ ಬಂದಾಗ ನನ್ನ ಮುಖ ನೋಡಿ, ಆ ಎರಡಕ್ಷರಕ್ಕೆ ಬಾಯಿ ತೆರೆದಳು. ನಾನು ಕೇಳಿಸಿಕೊಂಡೆ.